ಆದೇಶ ಹೊರಡಿಸಲಾಗದ ಆಯೋಗ ಏನು ಮಾಡಬಲ್ಲದು?

ಪ್ರಶ್ನೆ: ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸಿನ ಮಗನನ್ನು ಹೋದ ತಿಂಗಳು ಪೊಲೀಸರು ಮೊಬೈಲ್ ಕಳವಿನ ಅನುಮಾನದ ಮೇಲೆ ಕರೆದೊಯ್ದು, ರಾತ್ರಿಯೆಲ್ಲ ಠಾಣೆಯಲ್ಲಿ ಕೂರಿಸಿ, ಹೊಡೆದು, ಮಾರನೆಯ ದಿನ ಕೇಸೂ ಇಲ್ಲದೆ, ಒಂದು ಚೀಟಿಯೂ ಕೊಡದೆ ಬಿಟ್ಟರು. ಮಾನವ ಹಕ್ಕುಗಳ ಆಯೋಗಕ್ಕೆ ಬರೆಯೋಣವೆಂದರೆ, ‘ಅದಕ್ಕೆ ಆದೇಶ ಮಾಡುವ ಅಧಿಕಾರವೇ ಇಲ್ಲ, ಬರೀ ಶಿಫಾರಸು’ ಎನ್ನುತ್ತಾರೆ ಪರಿಚಯದ ವಕೀಲರು. ಹಾಗಾದರೆ ಅಂಥದೊಂದು ಸಂಸ್ಥೆ ಯಾಕಿದೆ? ಅದು ಹಕ್ಕುಗಳನ್ನು ಕಾಯುವುದಾದರೂ ಹೇಗೆ? ದೇವೇಗೌಡ ಪೆಟ್ರೋಲ್ ಬಂಕ್ ಕಡೆ ‘ಹ್ಯೂಮನ್ ರೈಟ್ಸ್’ ಎಂದು ಬೋರ್ಡ್ ಹಾಕಿಕೊಂಡ ಕಾರುಗಳು ಓಡಾಡುತ್ತವೆ. ಅವರನ್ನು ಕೇಳಬಹುದೇ?
— ಓದುಗರು, ಪದ್ಮನಾಭನಗರ

ಉತ್ತರ: ತಡ ಮಾಡಬಾರದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಆ ಹುಡುಗನ ಮೈಮೇಲೆ ಏಟಿನ ಗುರುತು ಇನ್ನೂ ಇದ್ದರೆ ಇವತ್ತೇ ಜಯನಗರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊಡೆದವರು ಯಾರೆಂದು ವೈದ್ಯರಿಗೆ ಹೇಳಿ, ಮೆಡಿಕೊ-ಲೀಗಲ್ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಗುರುತು ಮಾಸಿದ್ದರೆ ಆಗ ತೆಗೆದ ಫೋಟೊ, ಮಾತ್ರೆ ಕೊಂಡ ಚೀಟಿ, ಏನಿದ್ದರೂ ಎತ್ತಿಡಿ. ಇನ್ನೊಂದು ಸಾಕ್ಷಿ ಠಾಣೆಯೊಳಗೇ ಇದೆ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಪ್ರತಿ ಪೊಲೀಸ್ ಠಾಣೆಯ ಒಳಹೊರಗೆ, ಲಾಕಪ್ಪಿನಲ್ಲಿ, ಮೊಗಸಾಲೆಯಲ್ಲಿ ಸಿಸಿಟಿವಿ ಇರಲೇಬೇಕು, ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕು, ಅದಕ್ಕೆ ತಕ್ಕ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಬಾರದು ಎಂದಿತು. ಠಾಣೆಯಲ್ಲಿ ಬಲಪ್ರಯೋಗವಾಗಿ ಗಾಯವಾದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಆಯೋಗ ಆ ದೃಶ್ಯಗಳನ್ನು ತರಿಸಿಕೊಳ್ಳಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಹುಡುಗ ಠಾಣೆಯೊಳಕ್ಕೆ ಹೋದ ಹೊತ್ತು, ಹೊರಬಂದ ಹೊತ್ತು ನಿಮ್ಮ ದೂರಿನಲ್ಲಿ ಗಂಟೆ ಸಮೇತ ಇರಲಿ. ಆ ಅವಧಿಯ ಸಿಸಿಟಿವಿ ದೃಶ್ಯ ಅಳಿಯದಂತೆ ಕೂಡಲೇ ತರಿಸಿಕೊಳ್ಳಿ ಎಂಬ ಬೇಡಿಕೆ ಮೊದಲ ಪ್ಯಾರಾದಲ್ಲೇ ಬರಲಿ.

ಇನ್ನು ವಕೀಲರ ಮಾತು. ಅವರು ಸುಳ್ಳು ಹೇಳಿಲ್ಲ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಆಯೋಗಕ್ಕೆ ಕೊಟ್ಟಿರುವುದು ಶಿಫಾರಸಿನ ಅಧಿಕಾರವನ್ನೇ. ನೊಂದವರಿಗೆ ಪರಿಹಾರ ಕೊಡಿ, ತಪ್ಪಿತಸ್ಥ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಿ, ತನಿಖೆ ಮುಗಿಯುವ ಮುಂಚೆಯೇ ಮಧ್ಯಂತರ ನೆರವು ನೀಡಿ ಎಂದು ಸರ್ಕಾರಕ್ಕೆ ಅದು ಹೇಳಬಹುದು. ಸರ್ಕಾರ ಒಂದು ತಿಂಗಳೊಳಗೆ ಏನು ಕ್ರಮ ಕೈಗೊಂಡೆ ಎಂದು ತಿಳಿಸಬೇಕು. ಅದೂ ಸಾಲದಿದ್ದರೆ ಆಯೋಗವೇ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋಗಬಹುದು. ಬೇರೆ ದೇಶಗಳಲ್ಲಿ ಬೇರೆ ಕ್ರಮಗಳಿವೆ. ಉಗಾಂಡದ ಮಾನವ ಹಕ್ಕುಗಳ ಆಯೋಗಕ್ಕೆ ಪರಿಹಾರ ಕೊಡಿಸುವ ಆದೇಶದ ಅಧಿಕಾರವನ್ನು ಅಲ್ಲಿನ ಸಂವಿಧಾನವೇ ಕೊಟ್ಟಿದೆ. ನಮ್ಮ ಸಂಸತ್ತು ಅಷ್ಟು ದೂರ ಹೋಗಲಿಲ್ಲ.

ಆದರೆ ಶಿಫಾರಸು ಬರುವುದು ಕೊನೆಯಲ್ಲಿ. ಅದಕ್ಕೆ ಮುಂಚಿನ ಕೆಲಸದ ಬಗ್ಗೆ ವಕೀಲರು ಹೇಳಿಲ್ಲ, ನನಗೆ ಮುಖ್ಯವಾಗಿ ಕಾಣುವುದು ಅದೇ. ವಿಚಾರಣೆ ನಡೆಸುವಾಗ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರವಿದೆ: ಸಾಕ್ಷಿಗಳಿಗೆ ಸಮನ್ಸ್ ಕೊಡಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು, ಯಾವ ಕಚೇರಿಯ ಕಡತವನ್ನಾದರೂ ತರಿಸಬಹುದು. ಸರ್ಕಾರದಿಂದ ವರದಿ ಕೇಳಿ, ಗಡುವಿನೊಳಗೆ ಬಾರದಿದ್ದರೆ ತಾನೇ ವಿಚಾರಣೆಗೆ ಇಳಿಯಬಹುದು. ನಿಮ್ಮ ಮನೆಗೆಲಸದಾಕೆ ಠಾಣೆಗೆ ಹೋಗಿ ‘ನನ್ನ ಮಗನನ್ನು ಯಾಕೆ ಕರೆತಂದಿರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅದೇ ಪ್ರಶ್ನೆಯನ್ನು ಆಯೋಗ ಕೇಳಿದಾಗ ಇಲಾಖೆ ಕಾಗದದ ಮೇಲೆ, ಸಹಿ ಹಾಕಿ ಉತ್ತರಿಸಬೇಕಾಗುತ್ತದೆ. ಆ ಉತ್ತರ ಸುಳ್ಳಾಗಿದ್ದರೂ ದಾಖಲೆಯಾಗಿ ಉಳಿಯುತ್ತದೆ, ಮುಂದೊಂದು ದಿನ ನ್ಯಾಯಾಲಯದಲ್ಲಿ ಅದನ್ನು ಸಿಸಿಟಿವಿ ದೃಶ್ಯದ ಪಕ್ಕದಲ್ಲಿಟ್ಟು ನೋಡಬಹುದು. ಆದೇಶವಿಲ್ಲದ ಈ ಆಯೋಗದ ಬಲವೆಲ್ಲ ಇರುವುದು ಇಂಥ ದಾಖಲೆಯಲ್ಲಿ ಎಂದು ನಾನು ನಂಬಿದ್ದೇನೆ. ಎರಡು ಪ್ರಕರಣಗಳನ್ನು ವಿವರವಾಗಿ ಹೇಳುತ್ತೇನೆ, ಎರಡೂ ನಮ್ಮ ಜನರವೇ.

ಮೊದಲನೆಯದು ಕಾಸರಗೋಡಿನದು. ಗಡಿಗೆ ಅಂಟಿಕೊಂಡ ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ, ವಾಣಿನಗರದ ಕಡೆ ಮನೆಮಾತು ಕನ್ನಡ ಮತ್ತು ತುಳು. ಅಲ್ಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. 1970ರ ದಶಕದ ಕೊನೆಯಿಂದ 2000ದವರೆಗೆ ಸುಮಾರು ಎರಡು ದಶಕ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಬಿದ್ದ ವಿಷ ಕೆಳಗಿನ ನೀರಿನ ಸುರಂಗಗಳಿಗೆ, ತೋಡುಗಳಿಗೆ ಇಳಿಯಿತು. ಊರಿನವರು ಕುಡಿಯುತ್ತಿದ್ದುದು ಅದೇ ನೀರು. ಒಂದೇ ಬೈಲಿನಲ್ಲಿ ಇಷ್ಟೊಂದು ಮಕ್ಕಳು ಯಾಕೆ ಬುದ್ಧಿ ಬೆಳೆಯದೆ, ಕೈಕಾಲು ಸೊಟ್ಟಗಾಗಿ ಹುಟ್ಟುತ್ತಿದ್ದಾರೆ ಎಂದು ಅಲ್ಲೇ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಕೇಳುತ್ತಲೇ ಬಂದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಆಡಳಿತಕ್ಕೆ ಕೇಳಿಸಲಿಲ್ಲ.

2001ರಲ್ಲಿ ಪತ್ರಿಕಾ ವರದಿಗಳನ್ನು ಕಂಡು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಪ್ರೇರಣೆಯಿಂದ ಪ್ರಕರಣ ಎತ್ತಿಕೊಂಡಿತು. ಯಾರೂ ಅರ್ಜಿ ಕೊಡಬೇಕಾಗಲಿಲ್ಲ. ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಿಂದ ವರದಿ ಕೇಳಿತು. ಮಂಡಳಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯನ್ನು ಪಡ್ರೆಗೆ ಕಳಿಸಿತು. ವಿಜ್ಞಾನಿಗಳು ಪಡ್ರೆಯ ಶಾಲಾ ಮಕ್ಕಳನ್ನೂ ಸಿಂಪಡಣೆ ನಡೆಯದ ಇನ್ನೊಂದು ಊರಿನ ಮಕ್ಕಳನ್ನೂ ಹೋಲಿಸಿ ನೋಡಿದರು, ರಕ್ತದ ಮಾದರಿ ತೆಗೆದರು. 2002ರ ಅವರ ವರದಿ, ಈ ಕಾಯಿಲೆಗಳಿಗೆ ಎಂಡೋಸಲ್ಫಾನೇ ಹೆಚ್ಚು ಸಂಭವನೀಯ ಕಾರಣ ಎಂದಿತು. ಕೀಟನಾಶಕ ಉದ್ಯಮದವರು ಅದನ್ನು ಒಪ್ಪಲಿಲ್ಲ. ವಾದ ಬಹಳ ಕಾಲ ನಡೆಯಿತು. ಆದರೆ ಅಲ್ಲಿಯವರೆಗೆ ‘ಹಳ್ಳಿಯವರ ಗುಮಾನಿ’ ಆಗಿದ್ದದ್ದು ಸರ್ಕಾರಿ ವಿಜ್ಞಾನ ಸಂಸ್ಥೆಯ ಸಹಿಯಿರುವ ವರದಿಯಾಯಿತು.

2010ರ ಡಿಸೆಂಬರ್ 31ರಂದು ಆಯೋಗ ತನ್ನ ಶಿಫಾರಸು ನೀಡಿತು: ಸತ್ತವರ ಕುಟುಂಬಕ್ಕೆ, ಹಾಸಿಗೆ ಹಿಡಿದವರಿಗೆ, ಬುದ್ಧಿಮಾಂದ್ಯರಿಗೆ ಕನಿಷ್ಠ 5 ಲಕ್ಷ ರೂಪಾಯಿ, ಇತರ ಅಂಗವೈಕಲ್ಯವಿರುವವರಿಗೆ 3 ಲಕ್ಷ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬೇರೆ ಅರ್ಜಿಯೊಂದರಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟವನ್ನೇ ತಡೆಯಿತು. ದುಡ್ಡು ಮಾತ್ರ ಕೈಸೇರಲಿಲ್ಲ. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಆಮೇಲೂ ಹೆಚ್ಚಿನವರಿಗೆ ಬಾರದೆ, 2022ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ ಸುಪ್ರೀಂ ಕೋರ್ಟ್ ರಾಜ್ಯವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. 2001ರಿಂದ 2022. ಈ ನಡುವೆ ತೀರಿಕೊಂಡ ಮಕ್ಕಳ ತಾಯಂದಿರಿಗೆ ‘ಆಯೋಗ ಒಳ್ಳೆಯ ದಾಖಲೆ ಮಾಡಿಟ್ಟಿತ್ತು’ ಎಂದು ಹೇಳುವುದು ಕಷ್ಟ. ನಾನು ಹಾಗೆ ಹೇಳುವುದಿಲ್ಲ. ಆದರೆ ನ್ಯಾಯಾಲಯ ಆದೇಶಿಸಿದ ಆ 5 ಲಕ್ಷದ ಲೆಕ್ಕ ಹುಟ್ಟಿದ್ದು ಆಯೋಗದ ಶಿಫಾರಸಿನಲ್ಲಿ ಎಂಬುದನ್ನು ವಕೀಲರಿಗೆ ತಿಳಿಸಿ.

ಎರಡನೆಯದು ಮಲೆ ಮಹದೇಶ್ವರ ಬೆಟ್ಟದ್ದು. ಕಾಡುಗಳ್ಳ ವೀರಪ್ಪನ್ ಬೇಟೆಗೆಂದು ಕರ್ನಾಟಕ, ತಮಿಳುನಾಡು ಎರಡೂ ಜಂಟಿಯಾಗಿ ಕಟ್ಟಿದ ವಿಶೇಷ ಕಾರ್ಯಪಡೆ ಕಾಡಂಚಿನ ಹಳ್ಳಿಗಳಿಂದ ಗಂಡಸರನ್ನೂ ಹೆಂಗಸರನ್ನೂ ಎಳೆದೊಯ್ದು ದಿನಗಟ್ಟಲೆ ಕೂಡಿಹಾಕಿ ಹಿಂಸಿಸಿತು ಎಂಬ ದೂರುಗಳು 1990ರ ದಶಕದುದ್ದಕ್ಕೂ ಕೇಳಿಬಂದವು. ಬೆಟ್ಟದ ಮೇಲಿದ್ದ ಒಂದು ವಿಚಾರಣಾ ತಾಣವನ್ನು ಜನ ‘ವರ್ಕ್‌ಶಾಪ್’ ಎಂದೇ ಕರೆಯುತ್ತಿದ್ದರು. ವೀರಪ್ಪನ್‌ಗೆ ಬಲಿಯಾದ ಪೊಲೀಸರ, ಅರಣ್ಯ ಸಿಬ್ಬಂದಿಯ ನೆನಪು ಹಸಿಯಾಗಿದ್ದ ಕಾಲ ಅದು; ಈ ಹಳ್ಳಿಗರ ಪರವಾಗಿ ಮಾತಾಡಿದವರನ್ನು ಕಾಡುಗಳ್ಳನ ಕಡೆಯವರೆಂದು ನೋಡುತ್ತಿದ್ದರು. 1999ರಲ್ಲಿ ರಾಷ್ಟ್ರೀಯ ಆಯೋಗ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಒಳಮೀಸಲಾತಿಯ ಚರ್ಚೆಯಲ್ಲಿ ನಾವೆಲ್ಲ ಕೇಳುವ ಸದಾಶಿವ ಅವರೇ ಇವರು. ಸಮಿತಿ ಹಳ್ಳಿಗರ ಹತ್ತಿರಕ್ಕೇ ಹೋಯಿತು: ಕೊಳ್ಳೇಗಾಲ, ಮಹದೇಶ್ವರ ಬೆಟ್ಟ, ಆಚೆ ಗೋಬಿಚೆಟ್ಟಿಪಾಳ್ಯ. ಕೋರ್ಟು ಕಚೇರಿಯ ಮೆಟ್ಟಿಲೇ ಹತ್ತದಿದ್ದವರು ಬಂದು ತಮ್ಮ ಮೇಲೆ ಏನಾಯಿತೆಂದು ಹೇಳಿದರು, ಅವರ ಮಾತು ಬರಹಕ್ಕಿಳಿಯಿತು. ನಡುವೆ ನ್ಯಾಯಾಲಯದ ತಡೆಯಾಜ್ಞೆಯಿಂದ ವಿಚಾರಣೆ ನಿಂತೂ ಹೋಗಿತ್ತು. ವರದಿ ಬಂದದ್ದು 2003ರ ಕೊನೆಗೆ. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡುವಂತೆ ಶಿಫಾರಸು ಮಾಡಿತು. ಆಗ ಆಯೋಗದ ಹಂಗಾಮಿ ಅಧ್ಯಕ್ಷರಾಗಿದ್ದವರು ರಾಯಚೂರು ಜಿಲ್ಲೆಯ ನ್ಯಾಯಮೂರ್ತಿ ಶಿವರಾಜ ಪಾಟೀಲರು. ಹಿಂಸಿಸಿದ ಅಧಿಕಾರಿಗಳಿಗೆ ಶಿಕ್ಷೆಯಾಗಲಿಲ್ಲ ಎಂಬ ನೋವು ಆ ಹಳ್ಳಿಗಳಲ್ಲಿ ಹಾಗೇ ಇದೆ, ಅದು ನ್ಯಾಯವಾದ ನೋವು. ಆದರೂ ‘ಏನೂ ನಡೆದಿಲ್ಲ’ ಎನ್ನುವುದು ಆ ವರದಿಯ ನಂತರ ಯಾವ ಸರ್ಕಾರಕ್ಕೂ ಸಾಧ್ಯವಾಗಲಿಲ್ಲ.

ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ, ದೂರೇ ಇಲ್ಲದಾಗ ಆಯೋಗ ಹಕ್ಕುಗಳನ್ನು ಹೇಗೆ ಕಾಯುತ್ತದೆ ಎಂಬುದು. ರಾಷ್ಟ್ರೀಯ ಆಯೋಗ ಸ್ಥಾಪನೆಯಾದದ್ದು 1993ರ ಅಕ್ಟೋಬರ್ 12ರಂದು. ಡಿಸೆಂಬರ್ 14ರ ಹೊತ್ತಿಗೆ ಅದು ಎಲ್ಲ ರಾಜ್ಯಗಳಿಗೆ ಒಂದು ಪತ್ರ ಬರೆಯಿತು: ಪೊಲೀಸ್ ವಶದಲ್ಲೋ ಜೈಲಿನಲ್ಲೋ ಯಾರಾದರೂ ಸತ್ತರೆ, ಅತ್ಯಾಚಾರ ನಡೆದರೆ 24 ಗಂಟೆಯೊಳಗೆ ಜಿಲ್ಲಾಧಿಕಾರಿ ಮತ್ತು ಎಸ್‌ಪಿ ನಮಗೆ ತಿಳಿಸಬೇಕು, ತಿಳಿಸದಿದ್ದರೆ ಮುಚ್ಚಿಹಾಕುವ ಯತ್ನ ನಡೆದಿದೆ ಎಂದೇ ಭಾವಿಸುತ್ತೇವೆ. ವಶದಲ್ಲಿದ್ದವರ ಸಾವಿನಲ್ಲಿ ಮರಣೋತ್ತರ ಪರೀಕ್ಷೆಯನ್ನು ವಿಡಿಯೊ ಮಾಡಿ ಕಳಿಸಿ ಎಂದು 1995ರಲ್ಲಿ ಹೇಳಿತು. ಎನ್‌ಕೌಂಟರ್ ಸಾವುಗಳ ತನಿಖೆ ಹೇಗಿರಬೇಕೆಂದು 1997ರ ಮಾರ್ಚಿನಲ್ಲಿ ಎಲ್ಲ ಮುಖ್ಯಮಂತ್ರಿಗಳಿಗೆ ಬರೆದವರು ನಮ್ಮ ಬೆಂಗಳೂರಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ, 1996ರಿಂದ 1999ರವರೆಗೆ ಅಧ್ಯಕ್ಷರಾಗಿದ್ದವರು. ಇವು ಯಾವುವೂ ಆದೇಶಗಳಲ್ಲ, ಪತ್ರಗಳು. ಆದರೆ ಠಾಣೆಯೊಳಗೆ ಒಬ್ಬ ಸತ್ತರೆ ಆ ಸುದ್ದಿ ಅಲ್ಲೇ ಹೂತುಹೋಗದಂತೆ ಒಂದು ಪದ್ಧತಿ ಬಂದದ್ದು ಈ ಪತ್ರಗಳಿಂದ.

ನಿಮಗೆ ಹತ್ತಿರದ ಇನ್ನೊಂದು ಉದಾಹರಣೆ ಹೊಸೂರು ರಸ್ತೆಯ ನಿಮ್ಹಾನ್ಸ್. ದೇಶದ 37 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸ್ಥಿತಿ ಹೇಗಿದೆಯೆಂದು ಆಯೋಗಕ್ಕಾಗಿ ಅಧ್ಯಯನ ಮಾಡಿದ್ದು ನಿಮ್ಹಾನ್ಸಿನ ತಜ್ಞರು. ವರದಿ 1999ರಲ್ಲಿ ಪ್ರಕಟವಾಯಿತು. ಎತ್ತರದ ಗೋಡೆ, ಕಂಬಿ, ಬೀಗದ ಕೋಣೆಗಳೊಂದಿಗೆ ಎಷ್ಟೋ ಆಸ್ಪತ್ರೆಗಳು ಇನ್ನೂ ಜೈಲಿನಂತೆಯೇ ಇವೆ ಎಂದು ಅದು ತೋರಿಸಿತು. ಅಲ್ಲಿದ್ದ ರೋಗಿಗಳಲ್ಲಿ ಒಬ್ಬರೂ ಆಯೋಗಕ್ಕೆ ದೂರು ಬರೆಯುವ ಸ್ಥಿತಿಯಲ್ಲಿರಲಿಲ್ಲ. ಜೈಲು, ಬಾಲಮಂದಿರ, ಆಸ್ಪತ್ರೆ, ನಿರಾಶ್ರಿತರ ಕೇಂದ್ರಗಳಿಗೆ ಭೇಟಿ ಕೊಡುವ ಅಧಿಕಾರ ಆಯೋಗಕ್ಕೆ ಇರುವುದು ಇದಕ್ಕೇ. ಮೊದಲು ರಾಜ್ಯ ಸರ್ಕಾರಕ್ಕೆ ತಿಳಿಸಿ ಹೋಗಬೇಕಿತ್ತು. 2006ರ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು. 2010ರ ಆಗಸ್ಟಿನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತದ್ದು ನಿಮಗೆ ನೆನಪಿರಬಹುದು. ಅಂಥ ಜಾಗಗಳಿಗೆ ಹೇಳದೆ ಕೇಳದೆ ಹೋಗಿ ಅಡುಗೆಮನೆ, ಕಕ್ಕಸು, ಔಷಧದ ಕಪಾಟು ತೆಗೆದು ನೋಡುವವರು ಬೇಕೇ ಬೇಕು. ಪೊಲೀಸರಿಗೆ ತರಬೇತಿ, ಕಾಲೇಜುಗಳಲ್ಲಿ ಉಪನ್ಯಾಸ, ಡಿಸೆಂಬರ್ 10ರ ಮಾನವ ಹಕ್ಕುಗಳ ದಿನ, ಇವೆಲ್ಲವೂ ಆಯೋಗದ ಕೆಲಸವೇ. ಆದರೆ ಒಂದು ಭೇಟಿಯ ಬದಲಿಗೆ ಒಂದು ಸಮಾರಂಭವಾದರೆ ನನಗೆ ಸಮಾಧಾನವಿಲ್ಲ.

ಈಗ ನಿಮ್ಮ ದೂರಿಗೆ ಬರೋಣ. ಠಾಣೆ ಕರ್ನಾಟಕದ್ದಾದ್ದರಿಂದ ರಾಜ್ಯ ಆಯೋಗಕ್ಕೆ ಬರೆಯಿರಿ. 2005ರಲ್ಲಿ ಅಧಿಸೂಚನೆಯಾಗಿ, 2007ರಲ್ಲಿ ನ್ಯಾಯಮೂರ್ತಿ ಎಸ್.ಆರ್. ನಾಯಕ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಆರಂಭಿಸಿದ ಆಯೋಗವಿದು. ಕಚೇರಿ ಡಾ. ಅಂಬೇಡ್ಕರ್ ವೀಧಿಯ ಎಂ.ಎಸ್. ಬಿಲ್ಡಿಂಗಿನಲ್ಲಿದೆ; ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ವಿಧಾನಸೌಧ ನಿಲ್ದಾಣದಲ್ಲಿ ಇಳಿದರೆ ನಡೆಯುವಷ್ಟು ದೂರ. ಸ್ಪೀಡ್ ಪೋಸ್ಟಿನಲ್ಲೂ ಕಳಿಸಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ದೆಹಲಿಯ ರಾಷ್ಟ್ರೀಯ ಆಯೋಗವೂ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಬಂದ ದೂರನ್ನು ತೆಗೆದುಕೊಳ್ಳುತ್ತದೆ. ಎರಡೂ ಕಡೆ ಹಾಕಬೇಡಿ. ರಾಜ್ಯ ಆಯೋಗದ ಮುಂದಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ಮುಟ್ಟುವಂತಿಲ್ಲ. ಕೋರ್ಟಿನಲ್ಲಿ ಈಗಾಗಲೇ ನಡೆಯುತ್ತಿರುವ ವಿಷಯವನ್ನೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಹೈಕೋರ್ಟಿಗೆ ಹೋಗುವ ಯೋಚನೆ ಇದ್ದರೆ ಯಾವುದು ಮೊದಲು ಎಂಬುದನ್ನು ವಕೀಲರ ಜೊತೆ ಕೂತು ತೀರ್ಮಾನಿಸಿ. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗದ ಬಾಗಿಲು ಮುಚ್ಚುತ್ತದೆ. ಹೆಸರಿಲ್ಲದ ದೂರುಗಳಿಗೆ ಬೆಲೆಯಿಲ್ಲ.

ನೊಂದವನ ಪರವಾಗಿ ಬೇರೆ ಯಾರಾದರೂ ದೂರು ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ, ನೀವೇ ಕೊಡಬಹುದು. ಆದರೆ ಮೊದಲು ಆ ತಾಯಿಯನ್ನೂ ಮಗನನ್ನೂ ಕೂರಿಸಿಕೊಂಡು ಕೇಳಿ. ದೂರು ಹೋದ ಮೇಲೆ ಆಯೋಗ ವರದಿ ಕೇಳುವುದು ಪೊಲೀಸ್ ಇಲಾಖೆಯನ್ನೇ. ಸುದ್ದಿ ಅದೇ ಠಾಣೆಗೆ ಮುಟ್ಟುತ್ತದೆ. ನೀವು ಬಾಗಿಲು ಹಾಕಿಕೊಂಡು ಮಲಗಬಹುದು, ಅವರು ದಿನಾ ಆ ರಸ್ತೆಯಲ್ಲೇ ಓಡಾಡಬೇಕು. ಅವರು ಹೂಂ ಎಂದರೆ ಮಾತ್ರ ಮುಂದುವರಿಯಿರಿ, ಅಂಜಿಕೆ ಇದ್ದರೆ ಅದನ್ನೂ ದೂರಿನಲ್ಲೇ ಬರೆಯಿರಿ. ಆಯೋಗದ ಮುಂದೆ ಕೊಟ್ಟ ಹೇಳಿಕೆಯನ್ನು, ಸುಳ್ಳು ಸಾಕ್ಷಿಯ ಪ್ರಕರಣ ಬಿಟ್ಟರೆ, ಹೇಳಿದವರ ವಿರುದ್ಧ ಬಳಸುವಂತಿಲ್ಲ ಎಂದು 15ನೇ ಸೆಕ್ಷನ್ ಹೇಳುತ್ತದೆ. ಇದನ್ನು ಅವರಿಗೆ ಓದಿ ಹೇಳಿ. ಇಲಾಖೆಯ ವರದಿ ಬಂದು, ಆಯೋಗ ನಿಮ್ಮ ಅಭಿಪ್ರಾಯ ಕೇಳಿದರೆ ಸುಮ್ಮನಿರಬೇಡಿ. ದೂರುದಾರರು ಉತ್ತರ ಕೊಡಲಿಲ್ಲವೆಂದು ಕಡತ ಮುಚ್ಚಿಹೋಗಬಾರದು.

ಬೋರ್ಡು ಹಾಕಿದ ಕಾರುಗಳ ಹತ್ತಿರ ಹೋಗಬೇಡಿ. ರಾಷ್ಟ್ರೀಯ ಆಯೋಗವಾಗಲಿ ರಾಜ್ಯ ಆಯೋಗವಾಗಲಿ ಸದಸ್ಯತ್ವ ಮಾರುವುದಿಲ್ಲ, ಗುರುತಿನ ಚೀಟಿ ಹಂಚುವುದಿಲ್ಲ, ತಾಲ್ಲೂಕು ಅಧ್ಯಕ್ಷರನ್ನು ನೇಮಿಸುವುದಿಲ್ಲ. ತನ್ನ ಹೆಸರನ್ನು ಹೋಲುವ ಖಾಸಗಿ ಸಂಘಗಳ ಬಗ್ಗೆ ರಾಷ್ಟ್ರೀಯ ಆಯೋಗವೇ ಎಚ್ಚರಿಕೆ ಕೊಟ್ಟಿದೆ. ಹಕ್ಕುಗಳಿಗಾಗಿ ಪ್ರಾಮಾಣಿಕವಾಗಿ ದುಡಿಯುವ ಸಂಘಟನೆಗಳು ನಮ್ಮಲ್ಲಿ ಎಷ್ಟೋ ಇವೆ, ಎಂಡೋಸಲ್ಫಾನ್ ಹೋರಾಟವೂ ಅಂಥವರದೇ. ಅವರು ಹಣ ಕೇಳಿ ರಾಜಿ ಮಾಡಿಸುವುದಿಲ್ಲ.

ವಕೀಲರ ಆಕ್ಷೇಪಕ್ಕೆ ಇನ್ನೊಂದು ಮಾತು ಸೇರಿಸಬೇಕು. ಆಯೋಗದ ಶಿಫಾರಸಿಗೆ ಸರ್ಕಾರ ಬದ್ಧ ಎಂದು 2021ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಹೇಳಿದೆ. ಅದು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ, ಆದರೆ ಇಲ್ಲಿನ ಹೈಕೋರ್ಟಿನ ಮುಂದೆ ಎತ್ತಿ ಹೇಳಲು ಒಳ್ಳೆಯ ಆಧಾರ.

ನನ್ನ ಚಿಂತೆ ಅಧಿಕಾರದ ಕೊರತೆಗಿಂತ ಸ್ವಾತಂತ್ರ್ಯದ ಕೊರತೆಯ ಬಗ್ಗೆ. ಇಂಥ ಸಂಸ್ಥೆಗಳು ಸರ್ಕಾರದ ಹಂಗಿನಲ್ಲಿರಬಾರದು ಎಂಬ ‘ಪ್ಯಾರಿಸ್ ತತ್ವ’ಗಳನ್ನು ವಿಶ್ವಸಂಸ್ಥೆಯ ಮಹಾಸಭೆ 1993ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಆ ತತ್ವಗಳ ಪ್ರಕಾರ ಎಲ್ಲ ದೇಶಗಳ ಆಯೋಗಗಳನ್ನು ಅಳೆಯುವ ಜಾಗತಿಕ ಒಕ್ಕೂಟವೊಂದಿದೆ. 1999ರಿಂದ ‘ಎ’ ದರ್ಜೆಯಲ್ಲಿದ್ದ ನಮ್ಮ ರಾಷ್ಟ್ರೀಯ ಆಯೋಗದ ಮರುಮಾನ್ಯತೆಯನ್ನು ಆ ಒಕ್ಕೂಟ 2023ರಲ್ಲೂ 2024ರಲ್ಲೂ ಮುಂದೂಡಿತು. ಪೊಲೀಸರ ಮೇಲಿನ ದೂರನ್ನು ಎರವಲು ಬಂದ ಪೊಲೀಸ್ ಅಧಿಕಾರಿಗಳೇ ತನಿಖೆ ಮಾಡುವುದು, ನೇಮಕದಲ್ಲಿ ಪಾರದರ್ಶಕತೆ ಇಲ್ಲದಿರುವುದು, ಸದಸ್ಯರಲ್ಲಿ ದೇಶದ ವೈವಿಧ್ಯ ಕಾಣದಿರುವುದು ಅದರ ಆಕ್ಷೇಪಗಳಲ್ಲಿ ಮುಖ್ಯವಾದವು. ರಾಜ್ಯ ಆಯೋಗದ ತನಿಖಾ ವಿಭಾಗವೂ ಪೊಲೀಸರದೇ. ಕುರ್ಚಿಗಳು ಖಾಲಿ ಬೀಳುವುದು ಇನ್ನೊಂದು ರೋಗ: 2012ರಲ್ಲಿ ನಾಯಕ್ ಅವರ ಅವಧಿ ಮುಗಿದ ಮೇಲೆ ನಮ್ಮ ರಾಜ್ಯ ಆಯೋಗಕ್ಕೆ ವರ್ಷಗಟ್ಟಲೆ ಪೂರ್ಣಾವಧಿ ಅಧ್ಯಕ್ಷರೇ ಇರಲಿಲ್ಲ.

ಈ ವಿಷಯದಲ್ಲಿ ನೀವು ಪದ್ಮನಾಭನಗರದವರಾಗಿ ಒಂದು ಕೆಲಸ ಮಾಡಬಹುದು. ರಾಜ್ಯ ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ರಾಜ್ಯಪಾಲರು ನೇಮಿಸುವುದು ಒಂದು ಸಮಿತಿಯ ಶಿಫಾರಸಿನ ಮೇಲೆ. ಅದರಲ್ಲಿ ಮುಖ್ಯಮಂತ್ರಿ, ಗೃಹ ಸಚಿವರು, ವಿಧಾನಸಭಾಧ್ಯಕ್ಷರು, ಪರಿಷತ್ತಿನ ಸಭಾಪತಿ ಮತ್ತು ಎರಡೂ ಸದನಗಳ ವಿರೋಧ ಪಕ್ಷದ ನಾಯಕರು ಇರುತ್ತಾರೆ. 2023ರ ನವೆಂಬರಿನಲ್ಲಿ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾದ ಆರ್. ಅಶೋಕ ನಿಮ್ಮ ಕ್ಷೇತ್ರದ ಶಾಸಕರು. ಅವರಿಗೊಂದು ಪತ್ರ ಬರೆಯಿರಿ. ಅದರ ಪ್ರತಿಯನ್ನು ಮುಖ್ಯಮಂತ್ರಿಗೂ ಕಳಿಸಿ, ಏಕೆಂದರೆ ಇದು ಯಾವ ಒಂದು ಪಕ್ಷದ ಪ್ರಶ್ನೆಯೂ ಅಲ್ಲ. ಆಯೋಗದಲ್ಲಿ ಸ್ಥಾನ ಖಾಲಿಯಾಗುವ ಎಷ್ಟು ತಿಂಗಳ ಮುಂಚೆ ಸಮಿತಿ ಸಭೆ ಸೇರುತ್ತದೆ, ಯಾರ ಯಾರ ಹೆಸರು ಪರಿಗಣಿಸಿದಿರಿ ಎಂದು ಜನರಿಗೆ ತಿಳಿಸುತ್ತೀರಾ, ತನಿಖೆಗೆ ಪೊಲೀಸರಲ್ಲದವರನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ಇವನ್ನು ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.